ಭೂಮಿಯ ಅಳತೆ ತಗೊಂಡ ಕಥೆ

ನನ್ನದು ಟೈಲರ್ ಅಂಗಡಿ. ಬೆಂಗಳೂರಿನ ಶ್ರೀರಾಮಪುರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಿಷನ್ನು ಹಾಕಿಕೊಂಡು ಬ್ಲೌಸು, ಚೂಡಿದಾರ, ಸ್ಕೂಲ್ ಯೂನಿಫಾರ್ಮು ಹೊಲಿಯುತ್ತೇನೆ. ಬೆಳಿಗ್ಗೆ ಕೊರಳಿಗೆ ಹಾಕಿಕೊಂಡ ಟೇಪನ್ನು ತೆಗೆಯುವ ನೆನಪಾಗುವುದು ರಾತ್ರಿ ಊಟಕ್ಕೆ ಕೂತಾಗ. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಲೆಕ್ಕ ಚುಕ್ತಾ ಆಗಿತ್ತು. ಮೂವತ್ತೈದು ಬಂತು, ಅಲ್ಲಿಗೆ ಬಿಟ್ಟೆ. ಅಂಥವಳು ಮಕ್ಕಳನ್ನು ಕಟ್ಟಿಕೊಂಡು ವಿಜ್ಞಾನ ಹುಡುಕಿಕೊಂಡು ಅಲೆದದ್ದಕ್ಕೆ ಆ ಟೇಪೇ ಕಾರಣ.

ಮೊದಲ ಸಲ ಹೋದದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ. ಮೂರು ಗಂಟೆಯಲ್ಲಿ ಎಲ್ಲ ಮಹಡಿಯನ್ನೂ ಮುಗಿಸಿದೆವು. ಗುಂಡಿ ಕಂಡಲ್ಲಿ ಒತ್ತುವುದು, ಏನಾಯಿತು ಎಂದು ನೋಡುವ ಮೊದಲೇ ಮುಂದಿನ ಗುಂಡಿಗೆ ಓಡುವುದು. ರಾತ್ರಿ ಅವರಪ್ಪ "ಏನೇನು ನೋಡಿದ್ರಿ?" ಎಂದರೆ ಮಗ "ಡೈನೋಸಾರು" ಎಂದ. ಅವನಿಗಿಂತ ಮೂರು ವರ್ಷ ದೊಡ್ಡವಳಾದ ಮಗಳು ಯೋಚಿಸಿ "ಮಸಾಲೆಪುರಿ" ಎಂದಳು. ಅದನ್ನು ತಿಂದದ್ದು ಹೊರಗೆ, ಗೇಟಿನ ಹತ್ತಿರ.

ಎರಡನೇ ಸಲ ಒಂದು ಕರಾರು ಹಾಕಿದೆ. ಇಡೀ ಮಧ್ಯಾಹ್ನಕ್ಕೆ ಒಂದೇ ವಸ್ತು. ಮಕ್ಕಳು ಆರಿಸಿದ್ದು ನೆಲಮಹಡಿಯಲ್ಲಿರುವ ರೈಟ್ ಸಹೋದರರ ವಿಮಾನದ ಮಾದರಿಯನ್ನು. ಅಸಲಿ ಎಷ್ಟಿತ್ತೋ ಅಷ್ಟೇ ದೊಡ್ಡದು. ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ 4 ಇಂಚು. 1903ರ ಡಿಸೆಂಬರ್ 17ರಂದು ಅಸಲಿ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಓದಿದರೆ ಈ ಕಿವಿಯಿಂದ ಆ ಕಿವಿಗೆ ಹೋಗಿಬಿಡುವ ಅಂಕಿ. ನಾವು ಹಿಂದಿನ ಕಬ್ಬನ್ ಪಾರ್ಕಿಗೆ ಹೋಗಿ ನನ್ನ ಟೇಪನ್ನು ನೆಲಕ್ಕೆ ಹಾಸಿದೆವು. ಟೇಪು 60 ಇಂಚು, ಅಂದರೆ ಐದಡಿ. ಇಪ್ಪತ್ತನಾಲ್ಕು ಸಲ ಹಾಸಿದರೆ 120 ಅಡಿ. ಎರಡೂ ತುದಿಗೆ ಒಂದೊಂದು ಚಪ್ಪಲಿ ಇಟ್ಟು ಮಗ ಓಡಿದ, ಮಗಳು ಮೊಬೈಲಿನಲ್ಲಿ ಸೆಕೆಂಡು ಎಣಿಸಿದಳು. ಒಂಬತ್ತು!

"ಅಮ್ಮಾ, ವಿಮಾನಕ್ಕಿಂತ ನಾನೇ ಫಾಸ್ಟು!"

ಹಾಗಾದರೆ ಅದನ್ನು ಇಷ್ಟು ದೊಡ್ಡದು ಮಾಡಿ ಯಾಕೆ ನಿಲ್ಲಿಸಿದ್ದಾರೆ? ಈ ಪ್ರಶ್ನೆ ಹೊತ್ತು ಮತ್ತೆ ಒಳಗೆ ಹೋದೆವು. ಆವತ್ತು ಎದುರಿನಿಂದ ಜೋರು ಗಾಳಿ ಬೀಸುತ್ತಿತ್ತಂತೆ. ಹೊಳೆಯಲ್ಲಿ ಸೆಳೆವಿಗೆ ಎದುರಾಗಿ ಈಜುವವನು ದಡದಿಂದ ನೋಡಿದರೆ ನಿಧಾನ, ನೀರಿನೊಳಗೆ ಅವನ ಕೈಕಾಲು ಮಾಡುವ ಕೆಲಸ ಬೇರೆ. ವಿಮಾನದ್ದೂ ಅದೇ ಕಥೆ. ನೆಲದ ಮೇಲೆ ಸಾಗಿದ್ದು ಕಡಿಮೆ, ಗಾಳಿಯನ್ನು ಸೀಳಿದ್ದು ಹೆಚ್ಚು.

ನನ್ನ ಕಣ್ಣು ಮಾತ್ರ ರೆಕ್ಕೆಯ ಬಟ್ಟೆಯ ಮೇಲಿತ್ತು. ರೈಟ್ ಸಹೋದರರು ರೆಕ್ಕೆಗೆ ಹೊದಿಸಿದ್ದು ಮಸ್ಲಿನ್ ಬಟ್ಟೆ. ಅದನ್ನು ಅವರೇ ಹೊಲಿಗೆ ಮಿಷನ್ನಿನಲ್ಲಿ ಹೊಲಿದಿದ್ದರು. ಬಟ್ಟೆಯನ್ನು ಎಳೆಯ ನೇರಕ್ಕೆ ಕೂರಿಸದೆ ಓರೆಯಾಗಿ ಕೂರಿಸಿದ್ದರು ಎಂದು ಆಮೇಲೆ ಮಗಳು ಲೈಬ್ರರಿಯ ಪುಸ್ತಕ ಓದಿ ಹೇಳಿದಾಗ ನಾನು ಮಿಷನ್ನು ತುಳಿಯುವುದನ್ನೇ ನಿಲ್ಲಿಸಿದೆ. ಅಂದರೆ ಕ್ರಾಸ್ ಕಟ್! ನಾನು ದಿನಾ ಬ್ಲೌಸಿಗೆ ಮಾಡುವ ಕೆಲಸ. ಇದನ್ನು ಯಾವ ಮ್ಯೂಸಿಯಮ್ಮಿಗೂ ಹೋಗದೆ ಮಕ್ಕಳ ಕೈಗೆ ಕೊಡಬಹುದು. ಒಂದು ಹತ್ತಿ ಕರ್ಚೀಫು ತಗೊಂಡು ಎದುರುಬದುರು ಅಂಚು ಹಿಡಿದು ಎಳೆಯಲು ಹೇಳಿ. ಜಗ್ಗುವುದಿಲ್ಲ, ಎಳೆಯೇ ತಡೆಯುತ್ತದೆ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಹಾಸು ಹೊಕ್ಕುಗಳ ಚೌಕಗಳೆಲ್ಲ ಒರಗಿಕೊಳ್ಳುತ್ತವೆ. ಬ್ಲೌಸು ಮೈಗೆ ಕೂರಲಿ ಎಂದು ನಾನು ಆ ಜಗ್ಗುವ ಗುಣವನ್ನು ಬಳಸುತ್ತೇನೆ. ಅವರು ಬಳಸಿದ್ದು ಜಗ್ಗದ ಗುಣವನ್ನು. ರೆಕ್ಕೆಯ ಚೌಕಟ್ಟು ಓರೆಯಾಗಲು ಹೋದರೆ ಮೂಲೆಯಿಂದ ಮೂಲೆಗೆ ಹೋದ ಎಳೆಗಳು ಬಿಗಿದು ಹಿಡಿಯುತ್ತವೆ, ಅಲುಗಾಡುವ ಮಂಚಕ್ಕೆ ಅಡ್ಡಪಟ್ಟಿ ಹೊಡೆದ ಹಾಗೆ.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಾಯಿತು. ಎಲ್ಲಿಗೆ ಹೋದರೂ ಟೇಪು ಬರಬೇಕು, ಅಳೆಯದೆ ಬರಬಾರದು. ನಡುವೆ ಒಂದು ಕಡೆ ಬೇಸಿಗೆ ಶಿಬಿರಕ್ಕೂ ದುಡ್ಡು ಕಟ್ಟಿ ಸೇರಿಸಿದ್ದೆ. ಮೂವತ್ತು ಮಕ್ಕಳಿಗೆ ಮೂವತ್ತು ಡಬ್ಬಿ, ಅಡುಗೆ ಸೋಡ, ವಿನಿಗರ್. ಮೂವತ್ತು ಜ್ವಾಲಾಮುಖಿಯೂ ಒಂದೇ ಥರ ಉಕ್ಕಿದವು, ಎಲ್ಲರಿಗೂ ಸರ್ಟಿಫಿಕೇಟು ಬಂತು. ಯಾರದ್ದೂ ತಪ್ಪಾಗಲಿಲ್ಲ, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಲಾಲ್‌ಬಾಗಿನ ಬಂಡೆಯ ಮೇಲೆ ಎಷ್ಟು ಸಲ ಕೂತು ಕಡ್ಲೆಕಾಯಿ ತಿಂದಿಲ್ಲ ನಾವು! ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಎನ್ನುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಹತ್ತಿರ ಬಗ್ಗಿ ನೋಡಿದರೆ ಬಿಳಿ ಪಟ್ಟೆ, ಕಪ್ಪು ಪಟ್ಟೆ ಅಲೆಅಲೆಯಾಗಿ ಓಡಿವೆ. ನೆಲದಾಳದಲ್ಲಿ ಕಾದು, ಒತ್ತಿಸಿಕೊಂಡು, ಮಡಚಿಕೊಂಡ ಗುರುತು. 300 ಕೋಟಿ ಎಂದರೆ ಮಗನಿಗೆ ಏನೂ ಅನಿಸಲಿಲ್ಲ, ನನಗೂ ಅನಿಸಿರಲಿಲ್ಲ. ಬಂಡೆಯ ಮೇಲೆ ಟೇಪು ಬಿಡಿಸಿ ಭೂಮಿಯ ಇಡೀ ವಯಸ್ಸು, ಸುಮಾರು 450 ಕೋಟಿ ವರ್ಷ, ಈ 60 ಇಂಚು ಅಂದುಕೊಳ್ಳೋಣ ಎಂದಳು ಮಗಳು. ಒಂದು ಇಂಚಿಗೆ ಏಳೂವರೆ ಕೋಟಿ ವರ್ಷ. ಈಗಿನ ಕಾಲ 60ರ ತುದಿಯಲ್ಲಿ. ನಾವು ಕೂತಿದ್ದ ಬಂಡೆ ಅಲ್ಲಿಂದ 40 ಇಂಚು ಹಿಂದೆ, ಇಪ್ಪತ್ತರ ಗೆರೆಯ ಮೇಲೆ. ಡೈನೋಸಾರುಗಳು ಸತ್ತದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ ಕೊನೆಯ ಇಂಚಿನೊಳಗೆ. "ನಾವು?" ಎಂದ ಮಗ. ಮನುಷ್ಯ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ. ಮಗಳು ಲೆಕ್ಕ ಹಾಕಿ ನನ್ನ ಸೆರಗಿಗೆ ಅಂಟಿದ್ದ ಹೊಲಿಗೆ ದಾರದ ಒಂದು ತುಣುಕನ್ನು ಕಿತ್ತು ತುದಿಯ ಮೇಲೆ ಅಡ್ಡಲಾಗಿ ಇಟ್ಟಳು. "ಇದರ ದಪ್ಪಕ್ಕಿಂತ ಕಡಿಮೆ." ಮಗ ಅದನ್ನು ಉಫ್ ಎಂದು ಊದಿಬಿಟ್ಟ.

ಆಮೇಲೆ ಮರಗಳ ಕೆಳಗೆ ನಡೆಯುವಾಗ ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲು ನಾಣ್ಯ ಚೆಲ್ಲಿದ ಹಾಗೆ ದುಂಡುದುಂಡಗೆ ಕಂಡಿತು. ಸಂದಿಗಳು ಎಂಥೆಂಥದೋ ಆಕಾರ, ಬೆಳಕಿನ ಬಿಲ್ಲೆ ಮಾತ್ರ ದುಂಡು. ಪ್ರತಿಯೊಂದು ಬಿಲ್ಲೆಯೂ ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ದಿನ ಇದೇ ಬಿಲ್ಲೆಗಳು ಬಿದಿಗೆ ಚಂದ್ರನಂತಾಗಿದ್ದವು. ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ನಾನೇ ನೋಡಿದ್ದೆ, ಏನೆಂದು ಆಗ ತಿಳಿದಿರಲಿಲ್ಲ. ಈ ಬಿಲ್ಲೆಗಳ ವಿಷಯ ಮುಂದೆ ಬರುತ್ತದೆ.

ಈಗ ಅಸಲು ಕಥೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಹೈಗ್ರೌಂಡ್ಸಿನ ನೆಹರು ತಾರಾಲಯದಲ್ಲಿ ಇದನ್ನು ತೋರಿಸುತ್ತಾರೆ, ಹೋಗಬಹುದು. ಆದರೆ ಇದಕ್ಕೆ ಬೇಕಾದದ್ದು ಬಿಸಿಲು, ತಾರಸಿ ಅಷ್ಟೇ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಪ್ರತಿ ಊರಿಗೂ ಈ ಭಾಗ್ಯ ಎರಡು ಸಲ ಉಂಟು, ದಿನ ಬೇರೆ ಬೇರೆ. ರಾಯಚೂರಿಗೆ ಮೇ 5ರ ಸುಮಾರು, ಬೀದರಿಗೆ ಮೇ ಎರಡನೇ ವಾರ. ಆಗಸ್ಟಿನದನ್ನು ಮೋಡಕ್ಕೆ ಬಿಟ್ಟುಬಿಡಿ. ನಾವು ಎರಡು ವರ್ಷ ಕಾದು ಕೊಡೆ ಹಿಡಿದು ಇಳಿದು ಬಂದಿದ್ದೇವೆ.

ಕಳೆದ ವರ್ಷ ಏಪ್ರಿಲ್ 24. ಹಳೇ ಪರದೆ ರಾಡನ್ನು ಸರಿಯಾಗಿ 40 ಇಂಚಿಗೆ ಕತ್ತರಿಸಿ, ಪಕ್ಕದ ಬೀದಿಯ ಬಡಗಿಯ ಹತ್ತಿರ ಒಂದು ಹಲಗೆಗೆ ಕೂರಿಸಿದ್ದೆವು. ಹಲಗೆ ಸಮ ಇದೆಯೇ ಎಂದು ನೋಡಲು ತಟ್ಟೆಯಲ್ಲಿ ನೀರು, ಕೋಲು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಬೀಗದ ಕೈ. ಹನ್ನೆರಡು ಹೊಡೆಯಿತು, ನೆರಳು ಇನ್ನೂ ಇತ್ತು. ಹನ್ನೆರಡೂ ಹತ್ತು. ಮಗ ಬೇಸತ್ತು ಕೆಳಗಿಳಿಯಲು ಹೊರಟ. ನಮ್ಮ ಗಡಿಯಾರ ಹೇಳುವ ಹನ್ನೆರಡು 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ ತಡ. 12 ಗಂಟೆ 17 ನಿಮಿಷಕ್ಕೆ ನೆರಳು ಕೋಲಿನ ಬುಡದೊಳಗೆ ಸೇರಿಕೊಂಡಿತು. ಪಕ್ಕದಲ್ಲಿಟ್ಟ ಸ್ಟೀಲ್ ಲೋಟ ನೆಲಕ್ಕೆ ಅಂಟಿಸಿದ ಚಿತ್ರದ ಹಾಗೆ ನಿಂತಿತು. ಮಗ ಎಗರಿ ಎಗರಿ ತನ್ನ ಕಾಲ ಕೆಳಗೆ ಮುದುಡಿದ ನೆರಳನ್ನು ತುಳಿಯಲು ನೋಡಿದ.

ಇಷ್ಟಕ್ಕೇ ಬಿಟ್ಟಿದ್ದರೆ ತಮಾಷೆ ಮುಗಿಯುತ್ತಿತ್ತು. ಮಗಳು ಎರಟೋಸ್ಥನೀಸನ ಕಥೆ ಓದಿಕೊಂಡಿದ್ದಳು. 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಗ್ಸಾಂಡ್ರಿಯದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ದಕ್ಷಿಣದ ಸೈಯೀನ್ ಊರಿನಲ್ಲಿ, ಈಗಿನ ಆಸ್ವಾನ್, ವರ್ಷದ ಅತಿ ದೊಡ್ಡ ಹಗಲಿನ ಮಧ್ಯಾಹ್ನ ಬಾವಿಯ ತಳಕ್ಕೆ ಬಿಸಿಲು ಬೀಳುತ್ತದೆ ಎಂದು ಕೇಳಿದ. ಅದೇ ಹೊತ್ತಿಗೆ ತನ್ನ ಊರಿನಲ್ಲಿ ನೆರಳು ಎಷ್ಟು ವಾಲಿದೆ ಎಂದು ಅಳೆದ. ಒಂದು ಸುತ್ತಿನ ಐವತ್ತರಲ್ಲಿ ಒಂದು ಪಾಲು ಬಂತು. ಎರಡು ಊರಿನ ದೂರವನ್ನು ಐವತ್ತರಿಂದ ಗುಣಿಸಿ ಭೂಮಿಯ ಸುತ್ತಳತೆ ಹೇಳಿದ.

ನಮಗೆ ಸೈಯೀನ್ ಬೆಂಗಳೂರೇ. ಅಲೆಗ್ಸಾಂಡ್ರಿಯ ಬೇಕಲ್ಲ? ನನ್ನ ತಂಗಿಯನ್ನು ಕೊಟ್ಟಿರುವುದು ರಾಯಚೂರಿಗೆ. ಭೂಪಟ ನೋಡಿದರೆ ಅದು ಹೆಚ್ಚುಕಮ್ಮಿ ಬೆಂಗಳೂರಿನ ನೇರ ಉತ್ತರಕ್ಕಿದೆ. ಅವಳ ಮಗ ಏಳನೇ ಕ್ಲಾಸು, ಅವನ ಕೈಲೂ 40 ಇಂಚಿನ ಕಂಬಿ. "ಈ ಬಿಸಿಲಲ್ಲಿ ಮಗೂನ ತಾರಸಿ ಮೇಲೆ ನಿಲ್ಲಿಸಿದೀಯಲ್ಲ ಅಕ್ಕ" ಎಂದು ತಂಗಿ ಬೈಯುತ್ತಿರುವಾಗಲೇ, 12 ಗಂಟೆ 18ಕ್ಕೆ, ಫೋನಿನಲ್ಲಿ ಅವನ ದನಿ ಬಂತು. "ದೊಡ್ಡಮ್ಮ, ಎರಡೂವರಿ ಇಂಚು ಅದ ನೋಡು!"

ಲೆಕ್ಕಕ್ಕೆ ತ್ರಿಕೋನಮಿತಿ ಬೇಕಿಲ್ಲ. ನಾನು ಹೊಲಿಗೆಯ ಭಾಷೆಯಲ್ಲೇ ಅರ್ಥ ಮಾಡಿಕೊಂಡೆ. ಆರು ಪೀಸಿನ ಲಂಗದ ಒಂದು ಪೀಸು ನೆನೆಸಿಕೊಳ್ಳಿ, ಮೇಲೆ ಚೂಪು, ಕೆಳಗೆ ಅಗಲ. ಮಗುವಿನ ಲಂಗವಾಗಲಿ ದೊಡ್ಡವರ ಲಂಗವಾಗಲಿ ಪೀಸಿನ ಆಕಾರ ಒಂದೇ ಆದರೆ ಅಗಲಕ್ಕೂ ಉದ್ದಕ್ಕೂ ಇರುವ ಲೆಕ್ಕ ಒಂದೇ. ರಾಯಚೂರಿನ ತಾರಸಿಯ ಮೇಲೆ 40 ಇಂಚು ಉದ್ದ, ಎರಡೂವರೆ ಇಂಚು ಅಗಲದ ಪುಟ್ಟ ಪೀಸು. ಎರಡೂ ಊರಿನ ಕೋಲುಗಳನ್ನು ಭೂಮಿಯ ನಡುವಿನವರೆಗೆ ಇಳಿಸಿದರೆ ಅಲ್ಲೊಂದು ಭಾರಿ ಪೀಸು. ಅದರ ಅಗಲ ಎರಡು ಊರಿನ ದೂರ, ಉದ್ದ ಭೂಮಿಯ ತ್ರಿಜ್ಯ. ಸೂರ್ಯ ತೀರಾ ದೂರವಿರುವುದರಿಂದ ಎರಡೂ ಊರಿಗೆ ಬಿಸಿಲು ಒಂದೇ ನೇರದಲ್ಲಿ ಬೀಳುತ್ತದೆ, ಹಾಗಾಗಿ ಎರಡು ಪೀಸಿನ ಆಕಾರವೂ ಒಂದೇ. ನಲವತ್ತರಲ್ಲಿ ಎರಡೂವರೆ ಎಂದರೆ ಹದಿನಾರು ಪಟ್ಟು. ರಾಯಚೂರು ಬಸ್ಸಿನ ಲೆಕ್ಕದಲ್ಲಿ ಸುಮಾರು 400 ಕಿಲೋಮೀಟರು. 16 ಗುಣಿಸು 400, 6,400. ಪಾಠಪುಸ್ತಕದಲ್ಲಿ ಭೂಮಿಯ ತ್ರಿಜ್ಯ 6,371!

ಆವತ್ತು ಸಂಜೆ ಮೈಸೂರುಪಾಕು ತರಿಸಿದೆ.

ನಾಲ್ಕು ದಿನ ಬಿಟ್ಟು ಮಗ, ಯಾವುದೋ ಬಟನ್ ಡಬ್ಬಿಯ ಜೊತೆ ಆಡುತ್ತಾ, "ಬಸ್ಸು ಸುತ್ತಿಕೊಂಡು ಹೋಗುತ್ತಲ್ವಾ?" ಎಂದ. ಮಗಳ ಮುಖ ಇಳಿಯಿತು. ಫೋನಿನ ಭೂಪಟದಲ್ಲಿ ನೇರ ಗೆರೆ ಎಳೆದು ನೋಡಿದರೆ 360 ಕಿಲೋಮೀಟರು. ಹದಿನಾರರಿಂದ ಗುಣಿಸಿದರೆ 5,760. ಭೂಮಿ ಆರುನೂರು ಕಿಲೋಮೀಟರು ಕುಗ್ಗಿಹೋಯಿತು. "ಸರಿ ಇದ್ದದ್ದನ್ನ ಹಾಳು ಮಾಡ್ದೆ" ಎಂದು ತಮ್ಮನ ಮೇಲೆ ಹರಿಹಾಯ್ದಳು. ಸರಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಭುಜವನ್ನು ಅರ್ಧ ಇಂಚು ಹೆಚ್ಚು, ತೋಳನ್ನು ಅರ್ಧ ಇಂಚು ಕಡಿಮೆ ಕತ್ತರಿಸಿದರೂ ಕೈಯುದ್ದ ಸರಿಯಾಗೇ ಬರುತ್ತದೆ. ಗಿರಾಕಿ ಕೈ ಎತ್ತಿದಾಗ ಬಣ್ಣ ಬಯಲು. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿಕೊಂಡಿತ್ತು. ಒಂದನ್ನು ಮಗ ಹಿಡಿದಿದ್ದ. ಇನ್ನೊಂದು ಎಲ್ಲಿ?

ಮಗಳ ಅನುಮಾನ ಮೊದಲು ಟೇಪಿನ ಮೇಲೆ ಹೋಯಿತು. ರಾಯಚೂರಿನಲ್ಲಿದ್ದದ್ದು ನಾನೇ ಕೊಟ್ಟ ಹಳೇ ಟೇಪು; ವರ್ಷಗಟ್ಟಲೆ ಎಳೆದು ಎಳೆದು ಉದ್ದವಾಗಿರುತ್ತದೆ. ಒಂದು ಸಂಜೆ ಪೂರ್ತಿ ಅದನ್ನೇ ಬೈದು, ರಾತ್ರಿ ಮಲಗುವ ಹೊತ್ತಿಗೆ ಎದ್ದು ಬಂದಳು. "ಅಮ್ಮಾ, ಟೇಪು ಜಗ್ಗಿದ್ರೂ ತೊಂದರೆ ಇಲ್ಲ. ಕಂಬೀನೂ ಅದೇ ಟೇಪಲ್ಲಿ ಅಳ್ದಿರೋದು, ನೆರಳೂ ಅದೇ ಟೇಪಲ್ಲಿ. ನಮಗೆ ಬೇಕಿರೋದು ಎಷ್ಟು ಪಟ್ಟು ಅನ್ನೋದು ಮಾತ್ರ." ಇಪ್ಪತ್ತೆರಡು ವರ್ಷ ಟೇಪು ಹಿಡಿದ ನನಗೆ ಇದು ಹೊಳೆದಿರಲಿಲ್ಲ.

ಹಿಗ್ಗಿದ ಅಳತೆಯಿಂದ ಎಲ್ಲರೂ ಹೀಗೆ ಪಾರಾಗಲು ಆಗದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬಾತ ಇದೇ ಬೆಂಗಳೂರಿನಲ್ಲಿ ಸರ್ವೆಗೆಂದು ಸುಮಾರು ಏಳೂವರೆ ಮೈಲಿಯ ನೇರ ಗೆರೆಯನ್ನು ಅಳೆದಿದ್ದ, ನೂರು ಅಡಿಯ ಉಕ್ಕಿನ ಸರಪಳಿಯಲ್ಲಿ. ಬಿಸಿಲಿಗೆ ಉಕ್ಕು ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿಯದೆ ಅವನಿಗೆ ಗತಿಯಿರಲಿಲ್ಲ. ಅವನಿಗೆ ಬೇಕಿದ್ದದ್ದು ಪಟ್ಟಲ್ಲ, ದೂರ. ನಮ್ಮ ಕಥೆ ಅಷ್ಟು ಕಠಿಣವಿರಲಿಲ್ಲ.

ಕೊನೆಗೆ ರಾಯಚೂರಿನಿಂದ ಬಂದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆವು. ನೆರಳಿನ ತುದಿ ಗೆರೆ ಕೊಯ್ದ ಹಾಗಿರಲಿಲ್ಲ. ಕಡುಕಪ್ಪು ಎರಡು ಇಂಚಿನ ಹತ್ತಿರ ಮುಗಿದು, ಅಲ್ಲಿಂದಾಚೆ ಮಸಿ ಒರೆಸಿದ ಹಾಗೆ ತೆಳುವಾಗುತ್ತಾ ಎರಡೂವರೆಯ ಹತ್ತಿರ ಮಾಯವಾಗುತ್ತಿತ್ತು. ಸೂರ್ಯ ಚುಕ್ಕಿಯಲ್ಲ, ತಟ್ಟೆ. ತಟ್ಟೆಯ ಮೇಲಂಚಿನ ಬೆಳಕು ಒಂದು ನೆರಳು ಬಿಡುತ್ತದೆ, ಕೆಳಂಚಿನದು ಸ್ವಲ್ಪ ಉದ್ದದ ಇನ್ನೊಂದನ್ನು. ಹುಡುಗ ಮಸುಕಿನ ಕಟ್ಟಕಡೆಯ ತುದಿಯವರೆಗೆ ಅಳೆದಿದ್ದ. ಬಡಗಿಗಳು ಇಂಚಿನ ಎಂಟನೇ ಒಂದು ಪಾಲಿಗೆ ನೂಲು ಎನ್ನುತ್ತಾರೆ. ಎರಡು ನೂಲು ಹೆಚ್ಚಾದದ್ದಕ್ಕೆ ಭೂಮಿಯಲ್ಲಿ ಆರುನೂರು ಚಿಲ್ಲರೆ ಕಿಲೋಮೀಟರು ನಷ್ಟ.

ಮಸುಕಿನ ನಡು ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಹೇಗೆ? ಇಲ್ಲಿ ಲಾಲ್‌ಬಾಗಿನ ಬೆಳಕಿನ ಬಿಲ್ಲೆ ಕೆಲಸಕ್ಕೆ ಬಂತು. ಕೋಲಿನ ತುದಿಗೆ ಒಂದು ರಟ್ಟು ಕೂರಿಸಿ, ಬೆಂಕಿಕಡ್ಡಿ ತೂರುವಷ್ಟು ತೂತು ಮಾಡಿದರೆ ರಟ್ಟಿನ ನೆರಳಿನ ನಡುವೆ ಸೂರ್ಯನದೇ ಒಂದು ಪುಟ್ಟ ಬಿಲ್ಲೆ ಬೀಳುತ್ತದೆ. ಬಿಲ್ಲೆಯ ನಡುವಿಗೆ ಚಾಕಿನಲ್ಲಿ ಚುಕ್ಕಿ ಇಟ್ಟು ಅಳೆದರಾಯಿತು. ಎತ್ತರವನ್ನು ತೂತಿನವರೆಗೆ ಹಿಡಿಯಬೇಕು. ತೂತಿನ ನೇರ ಕೆಳಗಿನ ಜಾಗವನ್ನು ಬೀಗದ ಕೈ ಕಟ್ಟಿದ ದಾರ ತೋರಿಸುತ್ತದೆ. ತುದಿಯ ತಗಡು ಬಿದ್ದುಹೋದ ಟೇಪಾದರೆ ಸೊನ್ನೆಯಿಂದ ಅಳೆಯಬೇಡಿ, ಹತ್ತರ ಗೆರೆಯಿಂದ ಶುರು ಮಾಡಿ ಹತ್ತು ಕಳೆಯಿರಿ. ಜಗ್ಗಿದ ಟೇಪನ್ನು ಕ್ಷಮಿಸಬಹುದು, ತುದಿ ಮುರಿದದ್ದನ್ನು ಆಗದು. ಇನ್ನೊಂದು, ಮಕ್ಕಳ ಕಣ್ಣು ನೆಲದ ಮೇಲಿರಲಿ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡುವ ಮಾತೇ ಬೇಡ.

ಇನ್ನು ಹೋಗಬಹುದಾದ ಜಾಗಗಳು ಬೇಕಾದಷ್ಟಿವೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ವರ್ಷದಲ್ಲಿ ಒಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚಿನ ಶನಿವಾರ. ಜಾತ್ರೆಯಂಥ ಜನ, ನೀರಿನ ಬಾಟಲಿ ಮರೆಯಬೇಡಿ. ಮಂಗಳೂರಿನವರಿಗೆ ಪಿಲಿಕುಳ ಇದೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಲಾವಾ ಆರಿ ಬಿರಿದು ಕಂಬಕಂಬವಾಗಿ ನಿಂತ ಕಲ್ಲುಗಳಿವೆ, ಮೂಲೆ ಎಣಿಸುತ್ತಾ ಕೂರಬಹುದು. ನಾವಿನ್ನೂ ಹೋಗಿಲ್ಲ, ದಸರಾ ಹೊಲಿಗೆ ಮುಗಿದ ಮೇಲೆ ನೋಡಬೇಕು.

ಮತ್ತೆ ನಮ್ಮ ಕೋಲಿನ ಕಥೆಗೆ ಬರೋಣ. ಮೇ 5 ಬಂತು. ಈ ಸಲ ನೆರಳಿಲ್ಲದ ಊರು ರಾಯಚೂರು, ನೆರಳಿರುವುದು ನಮ್ಮದು. ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿದ್ದ, ನೆರಳು ದಕ್ಷಿಣಕ್ಕೆ ಬಿದ್ದಿತ್ತು. ಹನ್ನೆರಡೂ ಹದಿನಾರಕ್ಕೆ ಮಗ ಚಾಕಿನಲ್ಲಿ ಚುಕ್ಕಿ ಇಟ್ಟ. ಮಗಳು ಮೂರು ಸಲ ಅಳೆದಳು. ಎರಡೂಕಾಲು. ಎರಡೂಕಾಲು. ಎರಡು ಇಂಚು ಮೂರು ನೂಲು. ಎರಡೂಕಾಲಾದರೆ ತ್ರಿಜ್ಯ 6,400. ಮೂರನೆಯದನ್ನು ಹಿಡಿದರೆ 6,063. "ಕೊನೇದು ಕೈ ತಪ್ಪಿರಬೇಕು, ಹೊಡೆದು ಹಾಕು" ಎಂದೆ. "ತಪ್ಪಿದೆ ಅಂತ ನಿನಗೆ ಹೇಗೆ ಗೊತ್ತು?" ಎಂದು ಮೂರನ್ನೂ ನನ್ನ ಅಳತೆ ಪುಸ್ತಕದಲ್ಲೇ, ಎದುರು ಮನೆಯವರ ಬ್ಲೌಸಿನ ಅಳತೆಯ ಕೆಳಗೆ ಬರೆದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ದೊಡ್ಡಮ್ಮ, ನಮ್ಮ ಕಂಬಿ ನೆರಳು ಕಳುವಾಗ್ಯದ! ನಿಮ್ಮಲ್ಲಿ ಬಂದದೇನು ನೋಡು!"